ಏರಿಯ ಮೇಲೆ ಅಳೆದ ಐನೂರು ಮೀಟರ್

ಕೊರೋನಾ ಮುಗಿದು ಜನ ಮಾಸ್ಕು ಕಿತ್ತೆಸೆದ ಮರುವರ್ಷ ನಾನು ಭಾರತದ ಮಹಿಳೆಯರ ಡ್ರ್ಯಾಗನ್ ಬೋಟ್ ತಂಡದ ಮ್ಯಾನೇಜರ್ ಆಗಿದ್ದೆ. ಹತ್ತಾರು ದೇಶಗಳು, ಹತ್ತಾರು ಆಟಗಳು ಸೇರುವ ದೊಡ್ಡ ಕ್ರೀಡಾಕೂಟಕ್ಕೆ ಆ ತಂಡವನ್ನು ಕರೆದುಕೊಂಡು ಹೋಗಿ ಕರೆದುಕೊಂಡು ಬಂದೆ. ಮಧ್ಯೆ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವಿಚಾರಣೆಯಲ್ಲಿ ನಾನು ಹೇಳಿದ್ದಕ್ಕೂ ಈಗ ಬರೆಯುವುದಕ್ಕೂ ವ್ಯತ್ಯಾಸವಿದೆ. ಈಗಿನದೇ ನಿಜ.

ನನ್ನ ಹಿನ್ನೆಲೆ ಎರಡು ಮಾತಿನಲ್ಲಿ ಹೇಳುತ್ತೇನೆ. ಕಡೂರು ಸ್ಟೇಷನ್ ಹಿಂದೆ ಲಾರಿಗೆ ತೆಂಗಿನಕಾಯಿ ತುಂಬಿಸುವ ಮೇಸ್ತ್ರಿಯಾಗಿ ಶುರುಮಾಡಿದವನು. ಆಮೇಲೆ ಮರದ ಮೇಲಿನ ಫಸಲನ್ನೇ ಗುತ್ತಿಗೆಗೆ ಹಿಡಿದೆ, ಆಮೇಲೆ ಜಮೀನು ಕೊಡಿಸುವ ವ್ಯವಹಾರಕ್ಕೆ ಬಂದೆ. ಓದು ಎಸ್ಸೆಸ್ಸೆಲ್ಸಿ. ಕ್ರೀಡಾ ಸಂಸ್ಥೆಗಳಿಗೆ ನಾನು ಬಂದದ್ದೂ ವ್ಯವಹಾರದ ಬುದ್ಧಿಯಿಂದಲೇ. ಕಬಡ್ಡಿ, ವಾಲಿಬಾಲ್ ಸಂಸ್ಥೆಗಳಲ್ಲಿ ಒಂದು ಕುರ್ಚಿಗೆ ಇಪ್ಪತ್ತು ಜನ ನಿಂತಿರುತ್ತಾರೆ. ಡ್ರ್ಯಾಗನ್ ಬೋಟ್ ಎಂದರೆ ಏನೆಂದು ಕೇಳುವವರೂ ಇರಲಿಲ್ಲ. ಜನ ಇಲ್ಲದ ಕಡೆ ಹೋಗಿ ನಿಂತರೆ ಬೇಗ ಮುಂದೆ ಬರಬಹುದು; ಯುವಕರಿಗೆ ಇದನ್ನು ಈಗಲೂ ಹೇಳುತ್ತೇನೆ. ಆರು ವರ್ಷದಲ್ಲಿ ರಾಜ್ಯ ಸಂಸ್ಥೆಯಿಂದ ರಾಷ್ಟ್ರ ಸಂಸ್ಥೆಗೆ ಬಂದೆ.

ಡ್ರ್ಯಾಗನ್ ಬೋಟ್ ಉದ್ದನೆಯ, ಕಿರಿದಾದ ದೋಣಿ. ಐದು ಸಾಲಿನಲ್ಲಿ ಇಬ್ಬಿಬ್ಬರಂತೆ ಹತ್ತು ಜನ ಕೂತು ಹುಟ್ಟು ಹಾಕುತ್ತಾರೆ. ಮೂತಿಯ ಬಳಿ ಒಬ್ಬಳು ಅವರ ಕಡೆ ಮುಖ ಮಾಡಿ ಕೂತು ಡ್ರಮ್ ಬಾರಿಸುತ್ತಾಳೆ. ಹತ್ತು ಹುಟ್ಟುಗಳೂ ಆ ಪೆಟ್ಟಿಗೆ ಸರಿಯಾಗಿ ನೀರಿಗೆ ಬೀಳಬೇಕು. ಹಿಂದೆ ಒಬ್ಬಳು ನಿಂತುಕೊಂಡು ಉದ್ದನೆಯ ಚುಕ್ಕಾಣಿ ಹಿಡಿಯುತ್ತಾಳೆ. ಒಟ್ಟು ಹನ್ನೆರಡು ಜನ. ನಾವು ಹೆಸರು ಕೊಟ್ಟದ್ದು ಐನೂರು ಮೀಟರ್ ರೇಸ್ ಒಂದಕ್ಕೇ.

ತಂಡದ ಕ್ಯಾಂಪನ್ನು ನಮ್ಮ ಕಡೆಗೆ ತಂದವನು ನಾನು. ಕೇರಳದವರೂ ಮಧ್ಯಪ್ರದೇಶದವರೂ ತಮ್ಮಲ್ಲೇ ಆಗಬೇಕು ಎಂದು ಹಟ ಹಿಡಿದಿದ್ದರು. ಒಬ್ಬರಿಗೆ ಕೋಚ್ ಸ್ಥಾನ, ಇನ್ನೊಬ್ಬರಿಗೆ ಇಬ್ಬರು ಹೆಚ್ಚುವರಿ ಆಟಗಾರ್ತಿಯರು ಎಂದು ಒಪ್ಪಿಸಿ, ಅಜ್ಜಂಪುರದಿಂದ ಬುಕ್ಕಾಂಬುಧಿಗೆ ಹೋಗುವ ಕಡೆಯ ಒಂದು ಕೆರೆಗೆ ಕ್ಯಾಂಪ್ ತಂದೆ. ಆ ವರ್ಷ ಕೆರೆ ಕೋಡಿ ಬಿದ್ದಿತ್ತು. ಆಟಗಾರ್ತಿಯರಿಗೆ ಊಟ, ವಸತಿ ತರೀಕೆರೆಯ ಒಂದು ಕಲ್ಯಾಣ ಮಂಟಪದಲ್ಲಿ. ದಿನಾ ಬೆಳಿಗ್ಗೆ ಐದೂವರೆಗೆ ಮಿನಿ ಬಸ್ಸು.

ತಂಡದಲ್ಲಿ ನಮ್ಮ ಕಡೆಯವರು ಇಬ್ಬರಿದ್ದರು. ಡ್ರಮ್ಮಿಗೆ ಕಡೂರಿನ ಮಂಜುಳ, ನಲವತ್ತೆರಡು ಕೆಜಿ ಮೈ, ಮಾತು ಮಾತ್ರ ಕ್ವಿಂಟಾಲ್ ಲೆಕ್ಕ. ಚುಕ್ಕಾಣಿಗೆ ಸುಜಾತ. ಅವಳು ಅದೇ ಕೆರೆಯ ಪಕ್ಕದ ಊರಿನವಳು. ಅಪ್ಪ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದ. ಮನೆಯ ಗೋಡೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಮಗಳು ಕಾಲೇಜಿನಲ್ಲಿ ಗೆದ್ದ ಕಪ್ಪುಗಳು. ಅವಳು ತರೀಕೆರೆಯ ಒಂದು ಶಾಲೆಯಲ್ಲಿ ಗುತ್ತಿಗೆಯ ಮೇಲೆ ಪಿ.ಟಿ. ಟೀಚರ್. ವಯಸ್ಸು ಮೂವತ್ತಮೂರು. ಇಂಥ ಕೂಟದಲ್ಲಿ ದೇಶದ ಪರ ಭಾಗವಹಿಸಿದ ಸರ್ಟಿಫಿಕೇಟ್ ಇದ್ದರೆ ಕ್ರೀಡಾ ಕೋಟಾದಲ್ಲಿ ಅವಳಿಗೆ ಕಾಯಂ ಕೆಲಸ ಸಿಗುತ್ತಿತ್ತು. ಮೂವತ್ತೈದು ದಾಟಿದರೆ ಅರ್ಜಿ ಹಾಕುವಂತಿರಲಿಲ್ಲ. ಇನ್ನೊಂದು ಕೂಟ ಬರುವ ಹೊತ್ತಿಗೆ ಅವಳಿಗೆ ಮೂವತ್ತೇಳು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಎದುರಿಗಿರುವವರಿಗೆ ಏನು ಬೇಕು, ಎಷ್ಟು ಬೇಕು, ಎಷ್ಟು ಬೇಗ ಬೇಕು ಎಂದು ತಿಳಿದುಕೊಂಡೇ ನಾನು ಮಾತಿಗೆ ಕೂರುವುದು.

ಕೋಚ್ ಥಾಮಸ್ ಮಾಸ್ಟರ್ ಆಲಪ್ಪುಳದ ಕಡೆಯವರು. ಅವರು ಬರುವುದು ಒಂದು ವಾರ ತಡವಾಯಿತು. ‘ನಾನು ಬರುವಷ್ಟರಲ್ಲಿ ಐನೂರು ಮೀಟರ್ ಗುರುತು ಹಾಕಿಸಿಡಿ’ ಎಂದು ಫೋನಿನಲ್ಲಿ ಹೇಳಿದರು. ನೂರು ಮೀಟರ್ ಟೇಪು ತಂದು ನಾನೇ ಅಳೆದೆ. ನೀರಿನ ಮೇಲೆ ಟೇಪು ಎಳೆಯಲಾಗುವುದಿಲ್ಲ. ಜಮೀನಿನವರು ನಾವು ಕಾಲೂರುವ ಕಡೆ ಅಳೆಯುವವರು. ಕೆರೆ ಏರಿಯ ಮೇಲೆ ಐದು ಸಲ ಟೇಪು ಎಳೆದು, ಎರಡು ತುದಿಗೂ ಕೆಂಪು ಬಾವುಟ ನೆಟ್ಟೆ. ದೋಣಿ ಈ ಬಾವುಟದ ನೇರದಿಂದ ಆ ಬಾವುಟದ ನೇರಕ್ಕೆ ಹೋಗಬೇಕು. ಮಾಸ್ಟರ್ ಬಂದು ನೋಡಿ ‘ಚೆನ್ನಾಗಿದೆ’ ಎಂದರು. ಯಾರು ಅಳೆದದ್ದು, ಹೇಗೆ ಅಳೆದದ್ದು ಎಂದು ಕೇಳಲಿಲ್ಲ. ಮೂವತ್ತು ವರ್ಷ ಜಮೀನು ಅಳೆದವನ ಅಳತೆಯನ್ನು ಯಾರು ಕೇಳುತ್ತಾರೆ?

ರಾಷ್ಟ್ರ ಸಂಸ್ಥೆ ಒಂದು ಗೆರೆ ಎಳೆದಿತ್ತು. ಐನೂರು ಮೀಟರನ್ನು ಎರಡು ನಿಮಿಷ ಮೂವತ್ತೆಂಟು ಸೆಕೆಂಡಿನೊಳಗೆ ಮುಗಿಸಿದರೆ ತಂಡ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಮೊದಲ ವಾರ ನಮ್ಮ ಹೆಣ್ಣುಮಕ್ಕಳು ಎರಡು ನಲವತ್ತೈದರಲ್ಲಿದ್ದರು. ಎರಡು ತಿಂಗಳಲ್ಲಿ ಎರಡು ಮೂವತ್ತೈದಕ್ಕೆ ಬಂದರು. ಮಾಸ್ಟರ್ ಸ್ಟಾಪ್‌ವಾಚನ್ನು ಎರಡೆರಡು ಸಲ ನೋಡಿ ನನ್ನ ಕೈ ಕುಲುಕಿದರು. ಮಂಜುಳ ದೋಣಿಯಿಂದಲೇ ಕೂಗಿದಳು: “ಸಾರ್, ಇವತ್ತಾದ್ರೂ ಚಿತ್ರಾನ್ನದಾಗೆ ಕಡ್ಲೆಬೀಜ ಹಾಕ್ಸಿ! ಬರೀ ಅರಿಶಿನ ತಿಂದು ದೇಸ ಗೆಲ್ಸಕ್ಕಾಯ್ತದಾ?”

ಮಾಸ್ಟರರ ತಂತ್ರ ಪೂರ್ತಿ ಡ್ರಮ್ಮಿನ ಎಣಿಕೆಯ ಮೇಲೆ ನಿಂತಿತ್ತು. ಗುರುತಿನಿಂದ ಗುರುತಿಗೆ ನೂರ ಅರವತ್ತೆಂಟು ಪೆಟ್ಟು. ನೂರ ಮೂವತ್ತನೇ ಪೆಟ್ಟಿಗೆ ಮಂಜುಳ ಕಿರುಚಬೇಕು. ಅಲ್ಲಿಂದ ಕೊನೆಯ ಮೂವತ್ತೆಂಟು ಪೆಟ್ಟಿಗೆ ಮೈಯಲ್ಲಿದ್ದ ಉಸಿರೆಲ್ಲ ಸುರಿದುಬಿಡಬೇಕು. ದಿನಕ್ಕೆ ಎಂಟು ಸಲ, ಮೂರು ತಿಂಗಳು. ಆ ಹತ್ತು ಜೊತೆ ತೋಳುಗಳು ನೂರ ಅರವತ್ತೆಂಟರ ಆಚೆ ಒಂದು ಪೆಟ್ಟೂ ಉಳಿಯದ ಹಾಗೆ ತಯಾರಾದವು.

ಎರಡು ಮೂವತ್ತೈದರ ಟೈಮಿಂಗನ್ನು ರಾಷ್ಟ್ರ ಸಂಸ್ಥೆಗೆ ಕಳಿಸಿದ ಮರುದಿನ ಸುಜಾತ ಏರಿಯ ಮೇಲೆ ನನ್ನ ಹತ್ತಿರ ಬಂದಳು. ಉಳಿದವರು ದೋಣಿ ತೊಳೆಯುತ್ತಿದ್ದರು. ತಂಡದ ಕೊನೆಯ ಪಟ್ಟಿ ಇನ್ನೂ ಹೊರಬಿದ್ದಿರಲಿಲ್ಲ. ನನ್ನ ಅಂಗಿಯ ಜೇಬಿನಲ್ಲಿತ್ತು.

“ಸಾರ್, ಒಂದ್ ಮಾತು. ಬೈಬಾರ್ದು.”

“ಹೇಳಮ್ಮ.”

“ಏರಿ ನೋಡಿ, ಹೆಂಗ್ ಬಾಗೈತೆ. ನೀವು ಏರಿ ಮೇಲೆ ನಡ್ಕಂಡು ಅಳ್ದಿದೀರಾ. ದೋಣಿ ನೆಟ್ಟಗೆ ಹೋಯ್ತದೆ. ನಾನು ಹಿಂದೆ ನಿಂತ್ಕಂಡು ದಿನಾ ನೋಡ್ತೀನಲ್ಲ. ಐನೂರಿಲ್ಲ ಸಾರ್ ಅದು.”

ನಾನು ತಿರುಗಿ ನೋಡಿದೆ. ಏರಿ ಬಿಲ್ಲಿನ ಹಾಗೆ ಹೊರಕ್ಕೆ ಬಾಗಿತ್ತು. ಎರಡು ಬಾವುಟಗಳ ನಡುವೆ ನೀರು ಹೆದೆ ಕಟ್ಟಿದ ಹಾಗೆ ನೇರವಾಗಿ ಬಿದ್ದಿತ್ತು. ಸೊಟ್ಟ ಬದುವಿನ ಹೊಲಗಳನ್ನು ಎಷ್ಟು ಅಳೆದಿಲ್ಲ ನಾನು? ಅವಳು ಮಾತು ಮುಗಿಸುವ ಮೊದಲೇ ನನಗೆ ಅರ್ಥವಾಯಿತು. ಅಳೆದದ್ದು ತಪ್ಪಾದದ್ದು ನನ್ನ ದಡ್ಡತನ. ಅಲ್ಲಿಯವರೆಗಿನದಕ್ಕೆ ಕ್ಷಮೆ ಉಂಟು. ಆದರೆ ಟೈಮಿಂಗ್ ಹೋಗಿಯಾಗಿತ್ತು. ಮರಳಿ ಅಳೆದರೆ ಮೂವತ್ತೆಂಟರ ಗೆರೆ ತಪ್ಪುತ್ತದೆ, ತಂಡ ಹೋಗುವುದಿಲ್ಲ, ನಾನೂ ಹೋಗುವುದಿಲ್ಲ.

“ಯಾರ್ಗಾದ್ರೂ ಹೇಳಿದ್ಯಾ?”

“ಇಲ್ಲ ಸಾರ್. ನಿಮ್ಗೇ ಮೊದ್ಲು.”

“ಸುಜಾತ, ಪಟ್ಟಿ ಇನ್ನೂ ನನ್ ಜೇಬ್ನಾಗೈತೆ. ಚುಕ್ಕಾಣಿಗೆ ಎರಡ್ ಹೆಸ್ರವೆ. ಒಂದು ನಿಂದು, ಇನ್ನೊಂದು ಆ ಭೋಪಾಲದ ಹುಡ್ಗೀದು. ನಿಂಗೆ ಸೀಟ್ ಬೇಕಾ, ಅಳತೆ ಬೇಕಾ?”

“ಮಾಸ್ಟರ್‌ಗೆ ಒಂದ್ ಮಾತು ಹೇಳಿದ್ರೆ ಓಟನಾದ್ರೂ ಐನೂರಕ್ಕೆ ಸರಿ ಮಾಡ್ಕಬೋದು, ಸಾರ್…” ಎಂದು ಶುರುಮಾಡಿದಳು. ನಾನು ಪಟ್ಟಿಯನ್ನು ತೆಗೆದು ಬಿಚ್ಚಿದೆ, ಪೆನ್ನಿನ ಕ್ಯಾಪು ತೆಗೆದೆ. ಅವಳು ಬಾಯಿ ಮುಚ್ಚಿದಳು. ನನ್ನ ಜೀವನದಲ್ಲಿ ಅಷ್ಟು ಬೇಗ ಕುದುರಿದ ವ್ಯವಹಾರ ಇನ್ನೊಂದಿಲ್ಲ.

ಕೂಟದ ಊರಿಗೆ ರೇಸಿನ ನಾಲ್ಕು ದಿನ ಮೊದಲು ತಲುಪಿದೆವು. ಅಲ್ಲಿ ಪ್ರತಿ ತಂಡಕ್ಕೂ ನಿಜವಾದ ರೇಸ್ ಕೋರ್ಸಿನಲ್ಲಿ ಪೂರ್ತಿ ಐನೂರು ಮೀಟರ್ ಅಭ್ಯಾಸಕ್ಕೆ ಒಂದು ಗಂಟೆ ಕೊಡುತ್ತಾರೆ. ನಮ್ಮದು ಎರಡನೇ ದಿನ ಬೆಳಿಗ್ಗೆ ಇತ್ತು. ಆ ಗಂಟೆಯನ್ನು ನಾನು ಇನ್ನೊಂದು ದೇಶದ ಮ್ಯಾನೇಜರಿಗೆ ಬಿಟ್ಟುಕೊಟ್ಟು, ಬದಲಿಗೆ ಪಕ್ಕದ ಚಿಕ್ಕ ಕೊಳದಲ್ಲಿ ಎರಡು ಗಂಟೆ ಪಡೆದೆ. ಕೊಳ ಇದ್ದದ್ದು ಇನ್ನೂರು ಮೀಟರ್. ಮಾಸ್ಟರ್ ಮುಖ ಗಂಟಿಕ್ಕಿದರು. “ಒಂದಕ್ಕೆ ಎರಡು ತಂದಿದೀನಿ ಮಾಸ್ಟ್ರೇ, ನಮ್ಮವರು ರೇಸ್ ಉದ್ದ ಮೂರು ತಿಂಗಳು ಹೊಡೆದಿಲ್ಲವಾ?” ಎಂದೆ. ಅವರು ಹೆಣ್ಣುಮಕ್ಕಳನ್ನು ಕೊಳಕ್ಕೆ ಹೊರಡಿಸಿದರು. ಪೂರ್ತಿ ಕೋರ್ಸಿನಲ್ಲಿ ಒಂದು ಸಲ ಹೊಡೆದಿದ್ದರೆ ಅವರಿಗೆ ಎಲ್ಲವೂ ತಿಳಿದುಹೋಗುತ್ತಿತ್ತು. ಅದಕ್ಕಾಗಿಯೇ ಬಿಟ್ಟುಕೊಟ್ಟೆ. ಸುಜಾತ ಬಸ್ಸಿನ ಕಿಟಕಿಗೆ ತಲೆಯಿಟ್ಟು ಕೂತಿದ್ದಳು. ನನ್ನ ಕಡೆ ನೋಡಲಿಲ್ಲ.

ಹೀಟ್ಸ್, ಅಂದರೆ ಮೊದಲ ಸುತ್ತಿನಲ್ಲಿ ಐದು ದೋಣಿ. ನಾನು ಮುಗಿತಾಯದ ಗೆರೆಯ ಬಳಿ ಗ್ಯಾಲರಿಯಲ್ಲಿದ್ದೆ. ಮೊದಲ ಮುನ್ನೂರು ಮೀಟರ್ ನಮ್ಮವರು ಮೂರನೇ ಸ್ಥಾನದಲ್ಲಿದ್ದರು. ಪಕ್ಕದಲ್ಲಿ ಕೂತಿದ್ದ ನಮ್ಮ ದೇಶದ ಬೇರೆ ತಂಡಗಳ ಹುಡುಗರು ಎದ್ದು ನಿಂತು ಕೂಗತೊಡಗಿದರು. ಮಂಜುಳ ಕಿರುಚಿದ್ದು ಕೇಳಿಸಿತು. ದೋಣಿ ಚಿಮ್ಮಿ ಎರಡನೇ ಸ್ಥಾನಕ್ಕೆ ಬಂತು. ಹುಡುಗರು ನನ್ನ ಬೆನ್ನಿಗೆ ಗುದ್ದಿ ಕುಣಿದರು. ನಾನೊಬ್ಬನೇ ಕೂತಿದ್ದೆ.

ಆಮೇಲೆ ನಡೆದದ್ದನ್ನು ನೋಡಬಾರದಿತ್ತು. ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವೆ ಹತ್ತು ಹುಟ್ಟುಗಳೂ ಹತ್ತು ದಾರಿ ಹಿಡಿದವು. ಮುಂದಿನ ಸಾಲಿನವಳು ಹುಟ್ಟನ್ನು ನೀರಿನಿಂದ ಎತ್ತಲಾರದೆ ಅದರ ಮೇಲೆ ಒರಗಿದಳು. ಮೂರನೇ ಸಾಲಿನವಳು ದೋಣಿಯ ಅಂಚಿಗೆ ಬಗ್ಗಿ ವಾಂತಿ ಮಾಡಿದಳು. ಗೆರೆ ಇನ್ನೂ ಮೂವತ್ತೆಂಟು ಮೀಟರ್ ಮುಂದೆ ಇತ್ತು; ಅದು ಆಮೇಲೆ ಗೊತ್ತಾದ ಲೆಕ್ಕ. ಹಿಂದೆ ನಿಂತ ಸುಜಾತ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು: “ಇನ್ನೂ ಐತೆ! ಇನ್ನೂ ಐತೆ ಕಣ್ರೇ! ನಿಲ್ಲಿಸ್ಬ್ಯಾಡಿ!” ಕೇರಳದವರಿಗೂ ಮಣಿಪುರದವರಿಗೂ ಆ ಕನ್ನಡ ಅರ್ಥವಾಗುವಂತಿರಲಿಲ್ಲ. ಹಿಂದಿದ್ದ ಮೂರು ದೋಣಿಗಳೂ ಒಂದರ ಹಿಂದೆ ಒಂದು ಅವರನ್ನು ದಾಟಿದವು. ಗ್ಯಾಲರಿಯಲ್ಲಿ ಯಾರೋ ನಕ್ಕರು. ಎರಡು ನಿಮಿಷ ಐವತ್ತೆಂಟು ಸೆಕೆಂಡ್. ಕೊನೆಯ ಸ್ಥಾನ.

ಮಂಜುಳ ದಡಕ್ಕೆ ಬಂದವಳೇ ನನ್ನ ತೋಳು ಹಿಡಿದಳು. “ಸಾರ್, ನನ್ ಎಣಿಕೆ ತಪ್ಪಿಲ್ಲ ಸಾರ್. ನೂರ ಅರವತ್ತೆಂಟು ಮುಗೀತು. ಗೆರೆ ಬರ್ಲೇ ಇಲ್ಲ. ಎಲ್ಲೋಯ್ತು ಸಾರ್ ಗೆರೆ?”

“ಎದುರುಗಾಳಿ ಕಣಮ್ಮ,” ಎಂದೆ.

“ಗಾಳೀನಾ? ಬಾವುಟನೇ ಅಲ್ಲಾಡ್ತಿರ್ಲಿಲ್ಲ!”

ಮಾಸ್ಟರ್ ನನ್ನ ಮಾತನ್ನೇ ಹಿಡಿದುಕೊಂಡರು. ಅವರಿಗೂ ಏನಾದರೊಂದು ಕಾರಣ ಬೇಕಾಗಿತ್ತು. ಸೋತ ತಂಡಗಳಿಗೆ ರೆಪೆಶಾಜ್ ಎಂದು ಇನ್ನೊಂದು ಓಟವಿರುತ್ತದೆ. ಅದರಲ್ಲಿ ಮೊದಲ ಮೂರು ಸ್ಥಾನಕ್ಕೆ ಬಂದವರು ಫೈನಲ್ಲಿಗೆ ಹೋಗುತ್ತಾರೆ. ಅದು ಮರುದಿನ. ಅಂದು ಸಂಜೆ ಮಾಸ್ಟರ್ ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ, ‘ಧೈರ್ಯ ಸಾಲದು ನಿಮಗೆ, ಹೆದರಿ ಕೈಬಿಟ್ಟಿರಿ’ ಎಂದು ಮುಕ್ಕಾಲು ಗಂಟೆ ಬೈದರು. ವಾಂತಿ ಮಾಡಿದವಳು ಬಿಕ್ಕಿ ಬಿಕ್ಕಿ ಅತ್ತಳು. ಸುಜಾತ ಸಾಲಿನ ಕೊನೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ತಂಡ ಬಂದಾಗಿತ್ತು, ವಾಪಸ್ ಕಳಿಸುವಂತಿರಲಿಲ್ಲ. ‘ನಾಳೆ ಎಣಿಕೆಯನ್ನು ನೂರ ಎಂಬತ್ತೆರಡಕ್ಕೆ ಹಂಚಿಕೊಳ್ಳಿ’ ಎಂದರೆ ಮುಗಿಯುತ್ತಿತ್ತು. ಆದರೆ ಯಾಕೆ ಎಂದು ಮಾಸ್ಟರ್ ಕೇಳುತ್ತಿದ್ದರು.

ಮರುದಿನವೂ ಅದೇ ಜಾಗದಲ್ಲಿ ಅವರ ತೋಳು ಬಿದ್ದುಹೋಯಿತು. ಎರಡು ಐವತ್ತೈದು. ಮತ್ತೆ ಕೊನೆ. ಮೂರನೆಯವರಾಗಿ ಫೈನಲ್ಲಿಗೆ ಹೋದ ತಂಡದ ಟೈಮು ಎರಡು ನಲವತ್ತೊಂಬತ್ತು.

ಊರಿಗೆ ಬಂದ ಮೇಲೆ ಮಾಸ್ಟರ್ ಯಾರಿಗೂ ಹೇಳದೆ ಕೆರೆಗೆ ಹೋಗಿ, ತೆಪ್ಪದಲ್ಲಿ ಕೂತು, ಮೊಬೈಲಿನ ಜಿಪಿಎಸ್ ಹಿಡಿದು ಬಾವುಟದಿಂದ ಬಾವುಟಕ್ಕೆ ಅಳೆದರು. ನಾನೂರ ಅರವತ್ತೆರಡು ಮೀಟರ್. ಸಂಜೆ ನನಗೆ ಫೋನ್ ಮಾಡಿ ಒಂದೇ ಲೆಕ್ಕ ಹೇಳಿದರು: ಅದೇ ವೇಗವನ್ನು ಸಮನಾಗಿ ಹಂಚಿದ್ದರೆ ಐನೂರಕ್ಕೆ ಎರಡು ನಲವತ್ತೆಂಟು ಆಗುತ್ತಿತ್ತು. ಒಂದು ಸೆಕೆಂಡ್ ಮುಂದಾಗಿ ಫೈನಲ್ಲಿಗೆ ಹೋಗುತ್ತಿದ್ದೆವು. “ನಾನು ಆ ಮಕ್ಕಳನ್ನು ಹೇಡಿಗಳು ಎಂದೆ,” ಎಂದು ಹೇಳಿ ಫೋನ್ ಇಟ್ಟರು. ಮತ್ತೆ ನನ್ನ ಜೊತೆ ಮಾತಾಡಲಿಲ್ಲ.

ಅವರ ದೂರಿನ ಮೇಲೆ ರಾಷ್ಟ್ರ ಸಂಸ್ಥೆಯಲ್ಲಿ ವಿಚಾರಣೆ ನಡೆಯಿತು. ಒಬ್ಬರೇ ಅಧಿಕಾರಿ, ಒಂದೇ ದಿನ. ನಾನು ಮೊದಲೇ ತಯಾರಾಗಿ ಹೋಗಿದ್ದೆ. ಅಳತೆ ತಪ್ಪಾಯಿತು, ಒಪ್ಪುತ್ತೇನೆ. ನಾನು ಎಂಜಿನಿಯರ್ ಅಲ್ಲ. ಕೋಚ್ ಕೂಡ ನೋಡಿ ಒಪ್ಪಿದ್ದರು. ತಪ್ಪೆಂದು ಆಗ ನನಗೆ ಗೊತ್ತಿರಲಿಲ್ಲ. ಕೊನೆಯ ಮಾತೊಂದು ಸುಳ್ಳು, ಉಳಿದದ್ದೆಲ್ಲ ನಿಜ. ಸುಳ್ಳನ್ನು ಹಾಗೆಯೇ ನಿಜದ ಮಧ್ಯೆ ಇಟ್ಟು ಕೊಡಬೇಕು ಎಂದು ಕಲಿತವನು ನಾನು.

ಆಟಗಾರ್ತಿಯರನ್ನು ಒಬ್ಬೊಬ್ಬರಾಗಿ ಕರೆದರು. ಹನ್ನೊಂದು ಜನ ‘ಗೊತ್ತಿರಲಿಲ್ಲ’ ಎಂದರು, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕೊನೆಗೆ ಸುಜಾತ. ನನ್ನನ್ನು ಹೊರಗೆ ಕಳಿಸಿರಲಿಲ್ಲ.

“ದೂರ ಕಡಿಮೆ ಇದೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?” ಎಂದು ಅಧಿಕಾರಿ ಕೇಳಿದರು.

“ಗೊತ್ತಿತ್ತು ಸಾರ್. ಮ್ಯಾನೇಜರ್‌ಗೆ ಹೇಳ್ದೆ.”

ಅಧಿಕಾರಿ ನನ್ನ ಕಡೆ ತಿರುಗಿದರು. ಅವಳೂ ತಿರುಗಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ನಾನು ಹೌದು ಅನ್ನುತ್ತೇನೆ ಎಂದೇ ಅವಳು ನಂಬಿದ್ದಳು.

“ಇಲ್ಲ ಸಾರ್, ಹೇಳಿದ ನೆನಪಿಲ್ಲ,” ಎಂದೆ.

ಅಧಿಕಾರಿ ಬರೆದುಕೊಂಡರು. ಆಮೇಲೆ ಅವಳನ್ನೇ ಕೇಳಿದರು: “ಅಂದರೆ ಟೈಮಿಂಗ್ ಸುಳ್ಳು ಅಂತ ಗೊತ್ತಿದ್ದೂ ನೀವು ಹೋದಿರಿ. ಕೋಚ್‌ಗೂ ಹೇಳಲಿಲ್ಲ. ಯಾಕೆ?”

ಸುಜಾತ “ಸರ್ಟಿಫಿಕೇಟ್ ಬೇಕಿತ್ತು ಸಾರ್,” ಎಂದಳು.

ಆದೇಶ ಇಪ್ಪತ್ತು ದಿನದಲ್ಲಿ ಬಂತು. ನನಗೆ ಎಚ್ಚರಿಕೆ ಪತ್ರ, ಎರಡು ವರ್ಷ ಹುದ್ದೆಯಿಂದ ದೂರ. ಕೋಚ್‌ಗೂ ಅಷ್ಟೇ. ಹನ್ನೊಂದು ಆಟಗಾರ್ತಿಯರಿಗೆ ಭಾಗವಹಿಸಿದ ಸರ್ಟಿಫಿಕೇಟ್ ಕೊಟ್ಟರು. ಮಂಜುಳಗೆ ಅದರ ಮೇಲೆ ಅರಣ್ಯ ಇಲಾಖೆಯಲ್ಲಿ ಕೆಲಸವಾಯಿತು. ‘ತಿಳಿದೂ ಮುಚ್ಚಿಟ್ಟ ಕಾರಣ’ ಸುಜಾತಳ ಸರ್ಟಿಫಿಕೇಟನ್ನು ತಡೆಹಿಡಿದರು. ಇಡೀ ತಂಡದಲ್ಲಿ ನಿಜ ಕಂಡವಳು, ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳೇ. ಶಿಕ್ಷೆಯಾದ ಆಟಗಾರ್ತಿಯೂ ಅವಳೊಬ್ಬಳೇ.

ಅವಳಿಗೆ ಮೂವತ್ತೈದು ತುಂಬುವವರೆಗೆ ನಾನು ಬಾಯಿಬಿಡಲಿಲ್ಲ. ಬಿಡಬೇಕೆಂದುಕೊಂಡೆ, ಎರಡು ಸಲ ರಾಷ್ಟ್ರ ಸಂಸ್ಥೆಗೆ ಪತ್ರವನ್ನೂ ಬರೆದೆ. ನನ್ನ ಎರಡು ವರ್ಷ ಮುಗಿದು ಮತ್ತೆ ಹುದ್ದೆ ಸಿಗುವುದಿತ್ತು. ಸಿಕ್ಕ ಮೇಲೆ ಕಳಿಸೋಣ ಎಂದು ಎತ್ತಿಟ್ಟೆ. ಹುದ್ದೆ ಸಿಗಲಿಲ್ಲ. ಪತ್ರ ಕಳಿಸಿದಾಗ, ಕಡತ ಮುಕ್ತಾಯವಾಗಿದೆ ಎಂದು ಒಂದು ಸಾಲಿನ ಉತ್ತರ ಬಂತು.

ಹೋದ ತಿಂಗಳು ತರೀಕೆರೆಗೆ ಹೋಗಿ ಅವಳ ಶಾಲೆಯ ಮೈದಾನದಲ್ಲಿ ಅವಳನ್ನು ಕಂಡೆ. ಈಗಲೂ ಗುತ್ತಿಗೆ. ಮಕ್ಕಳನ್ನು ಓಡಿಸುತ್ತಿದ್ದಳು. ಕುರ್ಚಿ ಹಾಕಿಸಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

“ಕೋರ್ಟ್‌ಗೆ ಬೇಕಾದ್ರೆ ಬಂದು ಹೇಳ್ತೀನಿ ಕಣಮ್ಮ,” ಎಂದೆ. “ನೀನು ಹೇಳಿದ್ದು ನಿಜ, ಬಾಯಿ ಮುಚ್ಚಿಸಿದ್ದು ನಾನು ಅಂತ.”

“ಈಗ ಹೇಳಿ ಏನ್ ಮಾಡನ ಸಾರ್? ಏಜ್ ಮುಗ್ದೋಯ್ತು.”

“ಯಾರತ್ರಾನಾದ್ರೂ ಮಾತಾಡಿ ಬೇರೆ ಕಡೆ ಎಲ್ಲಾದ್ರೂ…”

“ಬ್ಯಾಡ. ನೀವು ಮಾತಾಡಿದ್ರೆ ಇರೋದೂ ಹೋಯ್ತದೆ.” ಅವಳು ಸೀಟಿ ಊದಿ ಮಕ್ಕಳನ್ನು ಇನ್ನೊಂದು ಸುತ್ತಿಗೆ ಕಳಿಸಿದಳು.

“ಹಂಗಾದ್ರೆ ಬರೀತೀನಿ. ನಿನ್ ಹೆಸ್ರು ಬದ್ಲಾಯ್ಸಿ…”

ಆಗ ಮೊದಲ ಸಲ ಅವಳ ದನಿ ಏರಿತು. “ಯಾಕ್ ಬದ್ಲಾಯಿಸ್ತೀರಿ? ಸುಜಾತ ಅಂತ್ಲೇ ಬರೀರಿ. ಹೇಳ್ದೋಳು ಯಾರು ಅಂತ ಒಂದ್ ಕಡೆಯಾದ್ರೂ ಇರ್ಲಿ.”

ಬರೆದಿದ್ದೇನೆ.

ಹೊಸದಾಗಿ ತಂಡ ಕಟ್ಟುವವರು, ಜನರನ್ನು ಆರಿಸುವ ಸ್ಥಾನದಲ್ಲಿ ಕೂರುವವರು ಈಗಲೂ ಕೆಲವರು ಸಲಹೆ ಕೇಳಲು ಬರುತ್ತಾರೆ. ಹೋಟೆಲು, ಬಸ್ಸು, ಊಟ, ಎದುರು ಮ್ಯಾನೇಜರಿಂದ ಏನನ್ನು ಹೇಗೆ ಕಿತ್ತುಕೊಳ್ಳಬೇಕು ಎಲ್ಲ ಹೇಳುತ್ತೇನೆ. ಅದರಲ್ಲಿ ನಾನು ಈಗಲೂ ಕಚ್ಚಾ ಅಲ್ಲ. ಕೊನೆಗೆ ಇನ್ನೊಂದು ಹೇಳುತ್ತೇನೆ. ಪಟ್ಟಿಯನ್ನು ಮೊದಲು ಗೋಡೆಗೆ ಅಂಟಿಸಿ. ಹೆಸರು ಅಳಿಸುವುದಿಲ್ಲ ಎಂದು ಎಲ್ಲರಿಗೂ ಖಾತ್ರಿಯಾದ ಮೇಲೆ, ನಮ್ಮ ಕೆಲಸದಲ್ಲಿ ಏನು ತಪ್ಪಿದೆ ಹೇಳಿ ಎಂದು ಕೇಳಿ. ಪಟ್ಟಿ ಜೇಬಿನಲ್ಲಿ ಇಟ್ಟುಕೊಂಡು ಕೇಳಿದರೆ ಯಾರೂ ಹೇಳುವುದಿಲ್ಲ. ಹಾಗಿದ್ದೂ ಒಬ್ಬರು ಬಂದು ಹೇಳಿದರೆ, ಅವರು ತಮ್ಮ ಅನ್ನವನ್ನು ಪಣಕ್ಕಿಟ್ಟು ಬಂದಿದ್ದಾರೆ. ಆಗ ನಿಮ್ಮ ಕೈ ಪೆನ್ನಿನ ಕಡೆಗೆ ಹೋಗದಿರಲಿ.